ಹತ್ತೆಕರೆಯ ದಿಣ್ಣೆ ಮನೆ, ನಾಲ್ಕೆಕರೆಯ ಕಣಿವೆ ಮನೆ: ಇದ್ದು ನೋಡಿದ ಮೇಲೆ

ಕೊಳ್ಳುವ ಮುಂಚೆ ಎರಡೂ ಮನೆಗಳಲ್ಲಿ ಬಾಡಿಗೆಗಿದ್ದು ನೋಡಿದೆವು. ಒಂದು ದಿಣ್ಣೆಯ ನೆತ್ತಿಯ ಮೇಲೆ, 10 ಎಕರೆಯಲ್ಲಿ. ಇನ್ನೊಂದು ಕಣಿವೆಯಲ್ಲಿ, ತೊರೆಗಿಂತ ತುಸು ಎತ್ತರಕ್ಕೆ, 4 ಎಕರೆಯಲ್ಲಿ. ಯಾರ ಕಣ್ಣಿಗೂ ಬೀಳದೆ ಇರಬೇಕು ಅನ್ನುವವರು ಕೇಳಿದ ಕೂಡಲೇ ಮೊದಲನೆಯದಕ್ಕೆ ಕೈ ಎತ್ತುತ್ತಾರೆ. ನನ್ನ ಮತ ಎರಡನೆಯದಕ್ಕೆ.

ಎಷ್ಟು ಎಕರೆ ಅನ್ನುವುದಕ್ಕಿಂತ ಜಮೀನಿನ ಆಕಾರ ಮುಖ್ಯ. ಒಂದು ಎಕರೆ ಸುಮಾರು 4,047 ಚದರ ಮೀಟರ್. ದಿಣ್ಣೆಯ ಜಮೀನು ರಿಬ್ಬನ್ನಿನ ಹಾಗೆ: ಅಗಲ 40 ಮೀಟರ್, ಉದ್ದ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಮನೆ ನಟ್ಟನಡುವೆ ಇದ್ದರೂ ಅಕ್ಕಪಕ್ಕದ ಬೇಲಿಗಳು 20 ಮೀಟರಿನೊಳಗೇ. ಕಣಿವೆಯದ್ದು ಚೌಕ, ಬದಿಗೆ 127 ಮೀಟರ್. ನಡುವಿನಲ್ಲಿರುವ ಮನೆಯಿಂದ ಯಾವ ಕಡೆಗೆ ನಡೆದರೂ ಬೇಲಿ ಮುಟ್ಟಲು 60 ಮೀಟರ್ ದಾಟಬೇಕು.

ಸದ್ದಿನ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ದಿಣ್ಣೆಯಿಂದ ದೂರದ ಹೆದ್ದಾರಿ ಕಾಣುತ್ತದೆ. ಕಂಡದ್ದು ಕೇಳಿಸಲೂ ಕೇಳಿಸುತ್ತದೆ, ಅದೂ ರಾತ್ರಿ ಹೆಚ್ಚು. ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿದ್ದರೆ ಸದ್ದು ಕೆಳಕ್ಕೆ ಬಾಗಿ ದೂರಕ್ಕೆ ಸಾಗುತ್ತದೆ. ಕಣಿವೆಯಲ್ಲಿ ನಡುವಿನ ಗುಡ್ಡ ಅದನ್ನು ತಡೆಯಿತು, ಉಳಿದದ್ದನ್ನು ತೊರೆ ಮುಚ್ಚಿಹಾಕಿತು.

ದಿಣ್ಣೆಗೆ ಹೋಗುವ ಮಣ್ಣಿನ ದಾರಿ ಬೇರೆಯವರ ಜಮೀನಿನೊಳಗೆ ಹಾಯುತ್ತಿತ್ತು. ‘ಯಾವತ್ತಿನಿಂದಲೂ ಓಡಾಡ್ತಿದೀವಿ’ ಎಂದರು ಮಾರುವವರು. ಆ ಮಾತು ಸಾಲದು. ದಾರಿಯ ಹಕ್ಕು, ಅದರ ಅಗಲ, ರಿಪೇರಿ ಖರ್ಚು ಯಾರದು ಎಂಬುದೆಲ್ಲ ಪತ್ರದಲ್ಲಿರಬೇಕು. ಅಗ್ನಿಶಾಮಕ ವಾಹನ ತಿರುಗಲು ಅಲ್ಲಿ ಜಾಗವೂ ಇರಲಿಲ್ಲ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಮೇಲಕ್ಕೆ ಹಬ್ಬುವ ಕಾಡುಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಲೆಕ್ಕವಿದೆ. ನೆತ್ತಿಯ ಮನೆಯ ಚೆಂದದ ನೋಟಕ್ಕೆ ಈ ಬೆಲೆ ನನಗೆ ದುಬಾರಿ ಅನಿಸಿತು.

ಹಾಗಂತ ಕಣಿವೆ ಸ್ವರ್ಗವೇನಲ್ಲ. ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ, ಸೌರಫಲಕಕ್ಕೆ ದಿಣ್ಣೆಯೇ ಸರಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ತಂಪುಗಾಳಿ ಇಳಿದು ಅಲ್ಲೇ ಮಡುಗಟ್ಟುತ್ತದೆ. ಮೊಬೈಲ್ ಸಿಗ್ನಲ್ ಬೇಕಾದರೆ ಗೇಟಿನ ತನಕ ನಡೆಯಬೇಕು (ಮನೆಯಲ್ಲಿ ಕೆಲವರಿಗೆ ಇದೇ ಇಷ್ಟವಾಯಿತು).

ನೀರಿಗೆ ದಿಣ್ಣೆಯವರು ಕೊಳವೆಬಾವಿಯ ಜೊತೆ ಚಾವಣಿಯನ್ನೂ ನಂಬಿದ್ದರು. 100 ಚದರ ಮೀಟರ್ ಚಾವಣಿಗೆ 1 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚೆಂದರೆ 100 ಲೀಟರ್; ಒಣ ತಿಂಗಳುಗಳಿಗೆ ದೊಡ್ಡ ಟ್ಯಾಂಕೇ ಬೇಕು. ಕಣಿವೆಯ ಬಾವಿಯಲ್ಲಿ ನೀರಿಗೆ ಬರವಿರಲಿಲ್ಲ, ಆದರೆ ಸೆಪ್ಟಿಕ್ ಟ್ಯಾಂಕ್ ಬಾವಿಗಿಂತ ಎತ್ತರದಲ್ಲಿತ್ತು, ನಡುವೆ 30 ಮೀಟರ್ ಅಂತರವೂ ಇರಲಿಲ್ಲ. ಅದನ್ನು ಕೆಳಗಿನ ಬದಿಗೆ, ತೊರೆಗೂ ದೂರವಾಗಿ ಸರಿಸಬೇಕು, ಬಾವಿ ನೀರಿನ ಪರೀಕ್ಷಾ ವರದಿ ಕೈಸೇರಬೇಕು. ಈ ಎರಡು ಷರತ್ತು ಬರೆದೇ ಕಣಿವೆ ಮನೆಗೆ ಬೆಲೆ ಹೇಳಿದ್ದೇವೆ.