ಮಣಿಕಟ್ಟಿನ ಮೇಲೆ ಹತ್ತು ಸಾವಿರ: ಒಂದು ಫಿಟ್‌ನೆಸ್ ಬ್ಯಾಂಡ್‌ನ ವಿಮರ್ಶೆ

ಹದಿನಾಲ್ಕು ತಿಂಗಳ ಕಾಲ, ಸ್ನಾನದ ಹೊತ್ತೊಂದನ್ನು ಬಿಟ್ಟು ಹಗಲಿರುಳೂ ಎಡಗೈಗೆ ಕಟ್ಟಿಕೊಂಡಿದ್ದ ಫಿಟ್‌ನೆಸ್ ಬ್ಯಾಂಡ್ ಒಂದರ ವಿಮರ್ಶೆ ಇದು. ಯಾವ ಕಂಪನಿಯದೆಂದು ಹೇಳುವುದಿಲ್ಲ. ಇಲ್ಲಿ ಬರುವ ಗುಣದೋಷಗಳಲ್ಲಿ ಹೆಚ್ಚಿನವು ಇಂಥ ಎಲ್ಲ ಬ್ಯಾಂಡ್‌ಗಳಿಗೂ ಸಮಾನವಾದವು. ಕೊಳ್ಳುವಾಗ ಅಳತೆಯ ಸಾಧನವೊಂದನ್ನು ಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಬಳಸುತ್ತ ಹೋದಂತೆ, ದೇಹದ ಬಗ್ಗೆ ನಾವೆಲ್ಲ ಇಂದು ಪ್ರಶ್ನಿಸದೆ ಒಪ್ಪಿಕೊಂಡಿರುವ ಕೆಲವು ನಂಬಿಕೆಗಳನ್ನೂ ಸೆನ್ಸರ್‌ನ ಜೊತೆಗೇ ಡಬ್ಬಿಯಲ್ಲಿಟ್ಟು ಕೊಟ್ಟಿದ್ದಾರೆಂದು ತಿಳಿಯಿತು. ಐವತ್ತು ವರ್ಷಗಳ ನಂತರ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಯಾವುದನ್ನು ಮೆಚ್ಚಿಯಾರು, ಯಾವುದಕ್ಕೆ ನಕ್ಕಾರು ಎಂಬ ಪ್ರಶ್ನೆಯನ್ನೇ ತಕ್ಕಡಿಯಾಗಿಟ್ಟುಕೊಂಡು ಇದನ್ನು ತೂಗಿದ್ದೇನೆ.

ಮೆಚ್ಚಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಬ್ಯಾಂಡ್ ಹಗುರವಾಗಿದೆ, ಬಿಸಿಲಿನಲ್ಲೂ ಪರದೆ ಓದಲು ಬರುತ್ತದೆ, ಪಟ್ಟಿಯ ಅಡಿ ಬೆವರು ನಿಲ್ಲಲು ಬಿಟ್ಟರೆ ಮಾತ್ರ ಚರ್ಮ ಕೆರೆಯುತ್ತದೆ. ಇದರ ನಿಜವಾದ ಹಿರಿಮೆ ಇರುವುದು ಹೃದಯ ಬಡಿತದ ಎಣಿಕೆಯಲ್ಲಿ. ಹಿಂಬದಿಯ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳ ಹಿಗ್ಗಿದಾಗ ರಕ್ತ ಆ ಹಸಿರನ್ನು ಹೆಚ್ಚು ಹೀರಿಕೊಳ್ಳುವುದರಿಂದ, ಹಿಂದಿರುಗುವ ಬೆಳಕಿನ ಏರಿಳಿತವೇ ನಾಡಿಯ ಲೆಕ್ಕವಾಗುತ್ತದೆ. ಸುಮ್ಮನೆ ಕುಳಿತಿರುವಾಗ ಬೆರಳಿಟ್ಟು ನಾನೇ ಎಣಿಸಿದ್ದಕ್ಕೂ ಇದು ತೋರಿಸಿದ್ದಕ್ಕೂ ಒಂದೆರಡು ಬಡಿತಗಳಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಒಮ್ಮೆ ಜ್ವರ ಕಾಣಿಸಿಕೊಳ್ಳುವ ಹಿಂದಿನ ರಾತ್ರಿಯೇ ವಿಶ್ರಾಂತಿಯ ನಾಡಿ ಎಂಟು ಬಡಿತ ಏರಿದ್ದನ್ನು ಇದು ದಾಖಲಿಸಿತ್ತು. ಈ ಭಾಗಕ್ಕೆ ಮುಂದಿನವರು ನಗಲಾರರು ಎಂದು ನನ್ನ ಅಂದಾಜು.

ಹೆಜ್ಜೆಗಳ ಎಣಿಕೆಗೆ ಅಷ್ಟು ಧೈರ್ಯದಿಂದ ಈ ಮಾತು ಹೇಳಲಾರೆ. ಒಳಗಿರುವ ಆ್ಯಕ್ಸೆಲೆರೋಮೀಟರ್‌ಗೆ ಗೊತ್ತಾಗುವುದು ಕೈಯ ಅಲುಗಾಟ. ಕಾಲು ಎಲ್ಲಿದೆಯೆಂದು ಅದಕ್ಕೆ ತಿಳಿಯದು. ಹೀಗಾಗಿ ಎಡಗೈಯಲ್ಲಿ ಹಲ್ಲುಜ್ಜಿದಾಗ ನಿಂತಲ್ಲೇ ನಲವತ್ತು ಹೆಜ್ಜೆ ನಡೆದಿರುತ್ತೇನೆ. ಸಾಮಾನು ತುಂಬಿದ ಟ್ರಾಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಗಂಟೆ ತಳ್ಳಿದರೆ ನಡೆದೇ ಇರುವುದಿಲ್ಲ. ಇದು ಯಂತ್ರದ ಮಿತಿ, ಕ್ಷಮಿಸಬಹುದು. ನನ್ನ ತಕರಾರು ಇರುವುದು ಗುರಿಯ ಬಗ್ಗೆ. ಮೊದಲ ಸಲ ಚಾಲೂ ಮಾಡಿದಾಗ, ನನ್ನ ವಯಸ್ಸನ್ನು ಕೇಳುವ ಮುನ್ನವೇ ದಿನಕ್ಕೆ 10,000 ಹೆಜ್ಜೆ ಎಂದು ಅಲ್ಲಿ ನಮೂದಾಗಿತ್ತು.

ಈ ಸಂಖ್ಯೆಯ ಹುಟ್ಟು ವೈದ್ಯರ ಕೋಣೆಯಲ್ಲಿ ಆದದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಾಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಉಪಕರಣವೊಂದನ್ನು ‘ಮಾನ್‌ಪೋ-ಕೆಯಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು. ದುಂಡಗಿನ, ನಾಲಿಗೆಗೆ ಸುಲಭವಾದ ಸಂಖ್ಯೆಯೊಂದು ಹೀಗೆ ಸರಕಿನ ಹೆಸರಾಗಿ ಹೊರಟು, ಜಗತ್ತಿನ ಆರೋಗ್ಯ ನಿಯಮವಾಗಿ ನಿಂತುಬಿಟ್ಟಿತು. ಅದನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನಗಳು ಬಂದದ್ದು ಅರ್ಧ ಶತಮಾನದ ನಂತರ. ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಗಮನಿಸಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು, 7,500ರ ಸುಮಾರಿಗೆ ಆ ಲಾಭದ ಏರಿಕೆ ನಿಂತುಹೋಗಿತ್ತು. 2022ರಲ್ಲಿ ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅರವತ್ತು ದಾಟಿದವರಲ್ಲಿ ಈ ನಿಲುಗಡೆ 6,000ದಿಂದ 8,000ದ ನಡುವೆ, ಅರವತ್ತರೊಳಗಿನವರಲ್ಲಿ 8,000ದಿಂದ 10,000ದ ನಡುವೆ ಕಂಡಿತು. ಅಂದರೆ ಹಳೆಯ ಜಾಹೀರಾತು ಕಿರಿಯರ ಮಟ್ಟಿಗೆ ತೀರಾ ದಾರಿ ತಪ್ಪಿಸಿರಲಿಲ್ಲ, ಕುರುಡು ಕಲ್ಲೊಂದು ಗುರಿಯ ಹತ್ತಿರವೇ ಬಿದ್ದಿತ್ತು. ಆದರೆ ಎಪ್ಪತ್ತೆರಡರ ಹಿರಿಯರ ಕೈಗೂ ಇಪ್ಪತ್ತರ ಹುಡುಗನ ಕೈಗೂ ಒಂದೇ ಗುರಿಯನ್ನು ಕಟ್ಟಿ ಕಳುಹಿಸುವುದಕ್ಕೆ ಇದರಲ್ಲಿ ಯಾವ ಆಧಾರವೂ ಇಲ್ಲ.

ಆಧಾರವಿಲ್ಲದ ಸಂಖ್ಯೆಗೂ ಮನುಷ್ಯ ಹೇಗೆ ಅಡಿಯಾಳಾಗುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ, ಮನೆಯವರೆಲ್ಲ ಮಲಗಿದ ಮೇಲೆ, ಬಾಕಿಯಿದ್ದ 412 ಹೆಜ್ಜೆಗಳಿಗಾಗಿ ಕೋಣೆಯಿಂದ ಕೋಣೆಗೆ ಅಲೆದಿದ್ದೇನೆ. ಮೇಲೆ ಹೇಳಿದ ಆ ಜ್ವರದ ದಿನವೂ, ಹಿಂದಿನ ರಾತ್ರಿ ನಾಡಿ ಏರಿದ್ದನ್ನು ತಾನೇ ಬರೆದಿಟ್ಟುಕೊಂಡ ಇದೇ ಬ್ಯಾಂಡ್, ಸಂಜೆ ನಡುಗುತ್ತ ‘ಇನ್ನೂ 8,900 ಹೆಜ್ಜೆ ಬಾಕಿ, ಎದ್ದೇಳಿ’ ಎಂದು ಹುರಿದುಂಬಿಸಿತು. ತನ್ನ ಬಳಿಯೇ ಇರುವ ಎರಡು ಮಾಹಿತಿಗಳನ್ನು ಒಂದಕ್ಕೊಂದು ಜೋಡಿಸಲಾರದ ಸಾಧನವನ್ನು ‘ಸ್ಮಾರ್ಟ್’ ಎಂದು ಕರೆದ ನಮ್ಮ ಔದಾರ್ಯಕ್ಕೂ ಮುಂದಿನವರು ನಗಬಹುದು.

ವ್ಯಾಯಾಮದ ವಿಭಾಗದಲ್ಲಿ ಬಣ್ಣಬಣ್ಣದ ‘ವಲಯ’ಗಳಿವೆ. ನನ್ನ ಹೃದಯದ ಗರಿಷ್ಠ ಬಡಿತ ಎಷ್ಟೆಂದು ಊಹಿಸಿ, ಅದರ ಶೇಕಡಾವಾರಿನಲ್ಲಿ ಈ ವಲಯಗಳನ್ನು ಬಿಡಿಸಿರುತ್ತಾರೆ. ಊಹೆಗೆ ಬಳಸಿರುವುದು 220ರಿಂದ ವಯಸ್ಸನ್ನು ಕಳೆಯುವ ಸೂತ್ರ. 1971ರ ಪ್ರಬಂಧವೊಂದರಲ್ಲಿ, ಲಭ್ಯವಿದ್ದ ಕೆಲವು ಅಧ್ಯಯನಗಳ ಮೇಲೆ ಕಣ್ಣಳತೆಯಿಂದ ಎಳೆದ ಗೆರೆಯಿಂದ ಬಂದದ್ದು ಅದು. ನೂರಾರು ಅಧ್ಯಯನಗಳನ್ನು ಕೂಡಿಸಿ ನೋಡಿ ಹಿರೋಫುಮಿ ತನಾಕಾ ಮತ್ತು ಸಂಗಡಿಗರು 2001ರಲ್ಲಿ ಸೂಚಿಸಿದ ಸೂತ್ರದಲ್ಲಿ ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯಬೇಕು. ನಲವತ್ತರಲ್ಲಿ ಎರಡೂ 180 ಎಂದೇ ಹೇಳುತ್ತವೆ; ಎಪ್ಪತ್ತರಲ್ಲಿ ಹಳೆಯದು 150, ಹೊಸದು 159. ಯಾವ ಸೂತ್ರವಾದರೂ ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತದ ಆಚೀಚೆ ಸಹಜ. ಆ್ಯಪ್ ಮಾತ್ರ ಹಳೆಯ ಲೆಕ್ಕವನ್ನೇ ಕೆಂಪು ಗೆರೆಯಾಗಿ ಎಳೆದು, ‘ಮಿತಿ ಮೀರಿದ್ದೀರಿ’ ಎಂದು ನಡುಗುತ್ತದೆ.

ಎತ್ತರ, ತೂಕ ತುಂಬಿಸಿದ ಕೂಡಲೇ ಬಿಎಂಐ, ಅಂದರೆ ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕ, ಲೆಕ್ಕ ಹಾಕಿ ನನ್ನನ್ನು ಹಳದಿ ಬಣ್ಣದ ಗುಂಪಿಗೆ ಸೇರಿಸಿದ್ದೂ ಇಂಥದೇ. ಆ ಭಾಗಾಕಾರದ ಮೂಲ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಆತ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ, ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನನ್ನು. ಜನಸಮುದಾಯವನ್ನು ಬಣ್ಣಿಸಲು ಹೊರಟ ಲೆಕ್ಕ ಒಬ್ಬೊಬ್ಬರ ಆರೋಗ್ಯದ ತೀರ್ಪಾಗಿದೆ. 1998ರಲ್ಲಿ ಅಮೆರಿಕ ಅಧಿಕ ತೂಕದ ಗೆರೆಯನ್ನು 25ಕ್ಕೆ ಇಳಿಸಿದಾಗ, ಒಂದು ಗ್ರಾಂ ಕೂಡ ಹೆಚ್ಚದೆ ಕೋಟ್ಯಂತರ ಜನ ರಾತ್ರೋರಾತ್ರಿ ಅಧಿಕ ತೂಕದವರಾದರು. ಕ್ಯಾಲೊರಿಯ ಎಣಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ನಾಡಿಯ ಎಣಿಕೆಯಲ್ಲಿ ಆರು ಸಾಧನಗಳ ತಪ್ಪು ಶೇ. 5ರೊಳಗಿತ್ತು, ಕ್ಯಾಲೊರಿಯಲ್ಲಿ ಅತ್ಯುತ್ತಮವಾದದ್ದೇ ಸರಾಸರಿ ಶೇ. 27ರಷ್ಟು, ಅತ್ಯಂತ ಕಳಪೆಯದು ಶೇ. 93ರಷ್ಟು ತಪ್ಪಿತ್ತು. ಆದರೂ ಪರದೆಯ ಮೇಲೆ ಅದು ‘347’ ಎಂದು ಬಿಡಿಸ್ಥಾನದವರೆಗೂ ನಿಖರವಾಗಿ ಮೂಡುತ್ತದೆ.

ಈ ಸಾಧನದ ಅತ್ಯಂತ ವಿಚಿತ್ರ ಸೇವೆ ಎಂದರೆ ನಿದ್ರೆಯ ಅಂಕ. ನಿದ್ರೆಯ ಹಂತಗಳನ್ನು ನಿಜವಾಗಿ ಗುರುತಿಸಲು ಪ್ರಯೋಗಾಲಯದಲ್ಲಿ ತಲೆಗೆ ತಂತಿಗಳನ್ನು ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುತ್ತಾರೆ. ಮಣಿಕಟ್ಟಿನ ಪಟ್ಟಿ ಕೈಯ ಚಲನೆ ಮತ್ತು ನಾಡಿಯ ಏರಿಳಿತದಿಂದ ಅದನ್ನು ಊಹಿಸುತ್ತದೆ. ಎಷ್ಟು ಹೊತ್ತು ಮಲಗಿದ್ದೆ ಎಂಬುದು ಸಾಕಷ್ಟು ಸರಿಯಾಗಿ ಬಂದರೂ, ಗಾಢ ನಿದ್ರೆ ಇಷ್ಟು ನಿಮಿಷ, ಕನಸಿನ ನಿದ್ರೆ ಇಷ್ಟು ನಿಮಿಷ ಎಂಬ ಪಟ್ಟಿಯನ್ನು ನಾನು ನಂಬುವುದಿಲ್ಲ. ಒಂದು ಬೆಳಿಗ್ಗೆ ಹಗುರಾಗಿ ಎದ್ದು, ನೂರಕ್ಕೆ 61 ಎಂಬ ಅಂಕ ನೋಡಿ, ಅರ್ಧ ಗಂಟೆಯಲ್ಲಿ ನಿಜವಾಗಿಯೂ ದಣಿದವನಾದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ನನ್ನದು ಇಲ್ಲದ ಹುಣ್ಣನ್ನು ಕನ್ನಡಿಯಲ್ಲಿ ಕಂಡ ಸ್ಥಿತಿ. ಅಂಕದ ಚಿಂತೆಯಲ್ಲೇ ನಿದ್ರೆಗೆಡುವ ಈ ಸ್ಥಿತಿಗೆ 2017ರಲ್ಲಿ ಅಮೆರಿಕದ ಸಂಶೋಧಕರು ‘ಆರ್ಥೋಸೋಮ್ನಿಯಾ’ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಇಲ್ಲಿ ನನಗೆ ನೆನಪಾಗುವುದು ಷೂ ಅಂಗಡಿಯ ಎಕ್ಸ್‌ರೇ ಯಂತ್ರ. 1920ರ ದಶಕದಿಂದ ಹಲವು ದೇಶಗಳ ಅಂಗಡಿಗಳಲ್ಲಿ ಮರದ ಪೆಟ್ಟಿಗೆಯಂಥ ಯಂತ್ರವೊಂದಿರುತ್ತಿತ್ತು. ಮಕ್ಕಳು ಹೊಸ ಷೂ ತೊಟ್ಟು ಅದರೊಳಗೆ ಪಾದವಿಟ್ಟರೆ, ಮೇಲಿನ ಕಿಂಡಿಯಿಂದ ತಾಯಿತಂದೆಯರೂ ಮಾರಾಟಗಾರರೂ ಹಸಿರು ಪರದೆಯ ಮೇಲೆ ಎಲುಬುಗಳನ್ನು ನೋಡುತ್ತಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 1957ರಲ್ಲಿ ಅದನ್ನು ನಿಷೇಧಿಸಿತು. ಆ ಯಂತ್ರ ಸುಳ್ಳು ಹೇಳುತ್ತಿರಲಿಲ್ಲ, ತೋರಿಸುತ್ತಿದ್ದ ಎಲುಬು ನಿಜವಾದ ಎಲುಬೇ ಆಗಿತ್ತು. ಷೂ ಒತ್ತುತ್ತದೆಯೇ ಎಂದು ಮಗುವನ್ನು ಕೇಳುವುದಕ್ಕಿಂತ ಎಲುಬನ್ನು ನೋಡುವುದು ಹೆಚ್ಚು ವೈಜ್ಞಾನಿಕ ಎಂಬ ನಂಬಿಕೆ ಮಾತ್ರ ತಪ್ಪಾಗಿತ್ತು, ಅದಕ್ಕಾಗಿ ತೆತ್ತ ವಿಕಿರಣದ ಬೆಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಿದ್ದೆ ಬಂತೇ ಎಂದು ತಮ್ಮನ್ನೇ ಕೇಳಿಕೊಳ್ಳದೆ ಮಣಿಕಟ್ಟನ್ನು ತಿರುಗಿಸಿ ನೋಡುವ ನಮ್ಮ ಅಭ್ಯಾಸ ಅದಕ್ಕಿಂತ ಬಹಳ ದೂರವೇನೂ ಇಲ್ಲ.

ನಮ್ಮ ಬೆಲೆ ವಿಕಿರಣವಲ್ಲ, ಮಾಹಿತಿ. ನಾಡಿ, ನಿದ್ರೆ, ತೂಕ, ನಡೆದ ದಾರಿ ಎಲ್ಲವೂ ಮೊದಲು ಫೋನಿಗೆ, ಅಲ್ಲಿಂದ ಕಂಪನಿಯ ಸರ್ವರ್‌ಗೆ ಹೋಗುತ್ತವೆ; ಹಾಗೆ ಕಳಿಸುವುದಿಲ್ಲ ಎಂದರೆ ನನ್ನ ಬ್ಯಾಂಡ್‌ನಲ್ಲಿ ಹೆಜ್ಜೆ ಮತ್ತು ಸಮಯ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ‘ನನ್ನ ನಡಿಗೆಯಲ್ಲಿ ಮುಚ್ಚಿಡುವಂಥದ್ದೇನಿದೆ’ ಎಂಬುದು ಇಂದಿನ ಸಾಮಾನ್ಯ ಮಾತು. ಹೆಸರುಗಳಿಲ್ಲದೆ ಕೇವಲ ಬಳಕೆದಾರರ ಓಟದ ದಾರಿಗಳನ್ನು ಬೆಳಗಿಸಿ ತೋರಿಸಿದ, ವ್ಯಾಯಾಮ ದಾಖಲಿಸುವ ಆ್ಯಪ್‌ನ ಸ್ಟ್ರಾವಾ ಕಂಪನಿಯ ಭೂಪಟದಲ್ಲಿ, ಮರುಭೂಮಿಯ ನಡುವಿನ ಸೇನಾ ನೆಲೆಗಳ ಆಕಾರ ಮೂಡಿದ್ದನ್ನು 2018ರ ಜನವರಿಯಲ್ಲಿ ಜನ ಗುರುತಿಸಿದರು. ದೇಹದ ಲೆಕ್ಕವನ್ನೆಲ್ಲ ಹೀಗೆ ಅಪರಿಚಿತರ ವಶಕ್ಕೆ ಕೊಟ್ಟು, ಷರತ್ತುಗಳ ಪುಟವನ್ನು ಓದದೆ ‘ಒಪ್ಪಿದೆ’ ಎಂದು ಒತ್ತುತ್ತಿದ್ದೆವೆಂಬುದನ್ನು ನಂಬಲು ಮೊಮ್ಮಕ್ಕಳಿಗೆ ಬಹಳ ಕಷ್ಟವಾಗಬಹುದು. ನಾನೂ ಓದದೆಯೇ ಒತ್ತಿದ್ದೆ; ಈ ವಿಮರ್ಶೆಗಾಗಿ ಕುಳಿತು ಓದಿದಾಗ ಒಂದು ಸಂಜೆ ಪೂರ್ತಿ ಹಿಡಿಯಿತು.

ಬ್ಯಾಟರಿಯ ಮಾತು ಉಳಿಯಿತು. ಆರಂಭದಲ್ಲಿ ಒಂದು ಚಾರ್ಜ್‌ಗೆ ಒಂಬತ್ತು ದಿನ ಬರುತ್ತಿದ್ದದ್ದು ಈಗ ಆರಕ್ಕೆ ಇಳಿದಿದೆ, ಬದಲಿಸೋಣವೆಂದರೆ ಕವಚವನ್ನು ಅಂಟು ಹಾಕಿ ಮುಚ್ಚಿದ್ದಾರೆ. ಉಳಿದೆಲ್ಲ ಗಟ್ಟಿಯಾಗಿರುವ ವಸ್ತುವನ್ನು ಬ್ಯಾಟರಿ ಸತ್ತಿತೆಂದು ಎಸೆಯುವುದು ಸಹಜವೆಂಬ ನಂಬಿಕೆಯ ಆಯಸ್ಸು ಮುಗಿಯುತ್ತ ಬಂದಂತಿದೆ. ಸಾಗಿಸಬಹುದಾದ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮ, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರವರಿಗೆ ನಿಗದಿಯಾಗಿದೆ. ಕೊಳ್ಳುವ ಆತುರವಿಲ್ಲದವರು ಅಲ್ಲಿಯವರೆಗೆ ಕಾಯುವುದು ಲೇಸು.

ಆತುರವಿದ್ದವರಿಗೆ ನನ್ನ ಶಿಫಾರಸು ಇಷ್ಟು. ವಿಶ್ರಾಂತಿಯ ನಾಡಿಯನ್ನು ವಾರಗಟ್ಟಲೆ ಗಮನಿಸಬೇಕಾದವರಿಗೆ, ಕುಳಿತಲ್ಲೇ ದಿನ ಕಳೆಯುವವರಿಗೆ ಇದು ಉಪಯುಕ್ತ. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಮೂರೂ ಸೆನ್ಸರ್‌ಗೆ. ಸುಮ್ಮನೆಯೂ ಚಿಂತೆ ಮಾಡುವ ಸ್ವಭಾವದವರು ಕೊಳ್ಳದಿರುವುದೇ ಒಳ್ಳೆಯದು. ನನ್ನದರಲ್ಲಿ ನಿದ್ರೆಯ ಅಂಕ, ಕ್ಯಾಲೊರಿ, ಬಿಎಂಐ ಮೂರನ್ನೂ ಮುಚ್ಚಿಟ್ಟಿದ್ದೇನೆ. ಹೆಜ್ಜೆಯ ಗುರಿಯನ್ನು 7,000ಕ್ಕೆ ಇಳಿಸಿದಾಗ ಅದು ಏಕೆಂದು ಕೇಳಲಿಲ್ಲ. ಆ ಸಂಜೆ ಏಳು ಸಾವಿರ ತುಂಬಿದ ಕೂಡಲೇ, ಹಿಂದೆ ಹತ್ತು ಸಾವಿರಕ್ಕೆ ಸಿಡಿಯುತ್ತಿದ್ದ ಅದೇ ಪಟಾಕಿಗಳು, ಅಷ್ಟೇ ಸಂಭ್ರಮದಿಂದ ಪರದೆಯ ಮೇಲೆ ಸಿಡಿದವು.