ಬಿಪಿ ಇದ್ದವರ ಜಿಮ್ ಬ್ಯಾಚ್: ಸೈಕಲ್ ಚಲೋ, ಬಿಪಿ ನೋಡೋ ರೀತಿ ಚಲೋ ಇಲ್ಲ

ತೂಕ ಹೆಚ್ಚಿದ್ದು ಬಿಪಿ ಮಾತ್ರೆ ನುಂಗುವವರಿಗೆಂದೇ ವಿಜಯಪುರದ ಈ ಜಿಮ್ ಬೆಳಿಗ್ಗೆ ಆರಕ್ಕೆ ಬೇರೆ ಬ್ಯಾಚ್ ನಡೆಸುತ್ತದೆ. ಇಲ್ಲಿ ದುಡ್ಡು ಕೊಡಬೇಕಾದದ್ದು ಬೆನ್ನಿಗೆ ಆಸರೆಯಿರುವ ಸೈಕಲ್‌ಗಳಿಗೆ. ಸೀಟು ಅಗಲ, ಮೊಣಕಾಲ ಮೇಲೆ ಮೈಭಾರ ಬೀಳುವುದಿಲ್ಲ. ಪೆಡಲ್ ಪೂರ್ತಿ ಮುಂದೆ ಹೋದಾಗಲೂ ಮೊಣಕಾಲು ತುಸು ಬಾಗಿರುವಂತೆ ಸೀಟು ಸರಿಸಿಕೊಳ್ಳಿ. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಪರದೆಯಲ್ಲಿ ಕಾಣುವ ನಾಡಿ ಲೆಕ್ಕ ನಂಬಬೇಡಿ. ಆ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ, ಅಂಕಿಯ ಬೆನ್ನು ಹತ್ತಿದರೆ ಸುಸ್ತಾಗಿ ಕೂರುತ್ತೀರಿ.

ಬಿಪಿ ನೋಡುವುದು ಮಾತ್ರ ಬರೀ ಶಾಸ್ತ್ರಕ್ಕೆ. ಜಿಮ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವರ ತೋಳಿಗೆ ಬಾಗಿಲಲ್ಲೇ ಪಟ್ಟಿ ಸುತ್ತುತ್ತಾರೆ. ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಟ್ಟ ಮೇಲೆ ನೋಡಬೇಕು. ಪಟ್ಟಿಯೂ 22–32 ಸೆಂ.ಮೀ. ಸುತ್ತಳತೆಯ ತೋಳಿನದೊಂದೇ. 36 ಸೆಂ.ಮೀ. ತೋಳಿಗೆ ಅದನ್ನು ಎಳೆದು ಕಟ್ಟಿದರೆ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. 32–42ರ ದೊಡ್ಡ ಪಟ್ಟಿ ತರಿಸಿ ಎಂದು ಪಟ್ಟು ಹಿಡಿಯಿರಿ. ಸರಿಯಾಗಿ ನೋಡಿದಾಗಲೂ 180/110 ದಾಟಿದ್ದರೆ ಅಂದು ವ್ಯಾಯಾಮ ಬೇಡ, ಡಾಕ್ಟರ್ ಕಡೆ ಹೋಗಿ.

ಟ್ರೆಡ್‌ಮಿಲ್ ಪರವಾಗಿಲ್ಲ, ಏರು ಸೊನ್ನೆಗಿಟ್ಟು ಗಂಟೆಗೆ 3 ಕಿ.ಮೀ.ನಿಂದ ಶುರು ಮಾಡಿ.

ಕಾಲಿನಿಂದ ತೂಕ ತಳ್ಳುವ ಲೆಗ್ ಪ್ರೆಸ್ ಯಂತ್ರದ ಹತ್ತಿರ ಹುಷಾರು. ‘ದಮ್ ಹಿಡೀರಿ ಅಕ್ಕಾರ, ಇನ್ನ ಎರಡ ಅದಾವ’ ಎಂದು ಟ್ರೇನರ್ ಹುಡುಗರು ಹುರಿದುಂಬಿಸುತ್ತಾರೆ. ಹುಡುಗರು ಒಳ್ಳೆಯವರೇ, ಆದರೆ ಈ ಮಾತು ಕೇಳಬೇಡಿ. ಉಸಿರು ಕಟ್ಟಿ ತಳ್ಳಿದರೆ ಆ ಕ್ಷಣಕ್ಕೆ ಬಿಪಿ ಸಿಕ್ಕಾಪಟ್ಟೆ ಜಿಗಿಯುತ್ತದೆ. ತಳ್ಳುವಾಗ ಉಸಿರು ಬಿಡಿ, ಮರಳಿ ತರುವಾಗ ಎಳೆದುಕೊಳ್ಳಿ. 12–15 ಸಲ ತಿಣುಕದೆ ತಳ್ಳುವಷ್ಟೇ ತೂಕ ಹಾಕಿಸಿಕೊಳ್ಳಿ.

ಇನ್ನೊಂದು ತಕರಾರು: ಮುಂದಿನ ಬ್ಯಾಚ್ ಬಂತೆಂದರೆ ಸೈಕಲ್‌ನಿಂದ ತಟ್ಟನೆ ಇಳಿಸುತ್ತಾರೆ. ಹಾಗೆ ಒಮ್ಮೆಲೇ ನಿಂತರೆ ರಕ್ತ ಕಾಲಲ್ಲೇ ಉಳಿದು ಬಿಪಿ ಕುಸಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ ನುಂಗಿದವರಿಗೆ ಇನ್ನೂ ಬೇಗ. ಕೊನೆಯ 5–10 ನಿಮಿಷ ನಿಧಾನವಾಗಿ ತುಳಿದೇ ಇಳಿಯಿರಿ, ಮುಂದಿನವರು ಕಾಯಲಿ.

ಮೂರು ತಿಂಗಳ ಫೀ ಒಟ್ಟಿಗೆ ಕೇಳುತ್ತಾರೆ. ಮಾರ್ಚ್‌ನಲ್ಲಿ ಮಾತ್ರ ಹಾಗೆ ಕಟ್ಟಬೇಡಿ. ಮೇಲೆ ತಗಡಿನ ಛಾವಣಿ, ಎಸಿ ಇಲ್ಲ. ಏಪ್ರಿಲ್, ಮೇ ಬಿಸಿಲಿಗೆ ಬೆಳಿಗ್ಗೆ ಎಂಟಕ್ಕೇ ಒಳಗೆ ಕುದಿಯುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯವರಿಗೆ ಆ ಸೆಕೆ ಆಗಿಬರುವುದಿಲ್ಲ. ತಿಂಗಳಿಗೊಮ್ಮೆ ಕಟ್ಟುತ್ತೇವೆ ಎಂದು ಗಟ್ಟಿಯಾಗಿ ಹೇಳಿದರೆ ಒಪ್ಪುತ್ತಾರೆ.