ಜೆವಿಎಂ ಬಿದ್ದರೆ ಸೆಷನ್ ಉಳಿಯುತ್ತದೆಯೇ? ಟಾಮ್‌ಕ್ಯಾಟ್ ಕ್ಲಸ್ಟರ್ ಮತ್ತು ನಾನ್‌ಸ್ಟಾಪ್ ಹೋಲಿಕೆ

ಭಾಗವೊಂದು ಕೆಟ್ಟರೂ ನಿಲ್ಲದಂತೆ ಕಟ್ಟಿದ ನಾನ್‌ಸ್ಟಾಪ್ ಯಂತ್ರದಲ್ಲಿ ಇಟ್ಟ ಮಾತ್ರಕ್ಕೆ ಜಾವಾ ವೆಬ್ ಅಪ್ಲಿಕೇಶನ್ನಿಗೆ ಸಾವಿಲ್ಲ ಎಂದು ನಂಬುವವರಿದ್ದಾರೆ. 1974ರಲ್ಲಿ ಹುಟ್ಟಿದ ಟ್ಯಾಂಡೆಮ್ ಕಂಪನಿಯ ಆ ವಿನ್ಯಾಸ ನಿಜಕ್ಕೂ ಅದ್ಭುತ. ಪ್ರೊಸೆಸರುಗಳು ಮೆಮೊರಿ ಹಂಚಿಕೊಳ್ಳದೆ ಸಂದೇಶಗಳಲ್ಲೇ ವ್ಯವಹರಿಸುತ್ತವೆ. ಮುಖ್ಯ ಪ್ರೊಸೆಸ್ ತನ್ನ ಸ್ಥಿತಿಯನ್ನು ಬೇರೊಂದು ಪ್ರೊಸೆಸರಿನಲ್ಲಿರುವ ಜೋಡಿಗೆ ಒಪ್ಪಿಸುತ್ತಿರುತ್ತದೆ. ಆದರೆ ಜಾವಾ ಪ್ರೋಗ್ರಾಮನ್ನು ಓಡಿಸುವ ಜೆವಿಎಂಗೆ ಅಂಥ ಜೋಡಿಯಿಲ್ಲ. ಅದು ಬಿದ್ದರೆ ನಾನ್‌ಸ್ಟಾಪ್‌ನಲ್ಲಿ ಪ್ರೊಸೆಸ್‌ಗಳನ್ನು ನೋಡಿಕೊಳ್ಳುವ ಪಾಥ್‌ವೇ ಹೊಸದನ್ನು ಎಬ್ಬಿಸುತ್ತದೆ. ಆದರೆ ಬಳಕೆದಾರರ ಸೆಷನ್ (ಪುಟದಿಂದ ಪುಟಕ್ಕೆ ನೆನಪಿಡಬೇಕಾದ ಅವರ ವಿವರ) ಇರುತ್ತಿದ್ದ ಮೆಮೊರಿ, ಅಂದರೆ ಹೀಪ್, ಖಾಲಿ.

ಹಾಗಾಗಿ ಹಲವು ಪುಟಗಳ ಪಾವತಿ ಅರ್ಜಿಯೊಂದನ್ನು ಅರ್ಧ ತುಂಬಿ, ಜೆವಿಎಂಗೆ ಕಿಲ್ -9 (ಪ್ರೊಸೆಸ್ಸನ್ನು ತಕ್ಷಣ ಕೊಲ್ಲುವ ಆದೇಶ) ಕೊಟ್ಟು, 'ಮುಂದೆ' ಒತ್ತಿ ನೋಡಿದೆ.

ಟಾಮ್‌ಕ್ಯಾಟ್ ಎಂಬುದು ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್. ಲಿನಕ್ಸ್ ಮೇಲಿನ ಅದರ ಕ್ಲಸ್ಟರಿನಲ್ಲಿ, ಅಂದರೆ ಜೊತೆಗೂಡಿ ಓಡುವ ಹಲವು ಟಾಮ್‌ಕ್ಯಾಟ್‌ಗಳ (ನೋಡ್‌ಗಳ) ಗುಂಪಿನಲ್ಲಿ, ಡೆಲ್ಟಾ ಮ್ಯಾನೇಜರ್ ಪ್ರತಿ ಸೆಷನ್ನನ್ನೂ ಎಲ್ಲ ನೋಡ್‌ಗಳಿಗೆ ಹಂಚುತ್ತದೆ. ಎರಡು ಮೂರು ನೋಡ್‌ಗಳಿಗೆ ಚೆನ್ನಾಗಿಯೇ ಇದೆ. ಸಂಖ್ಯೆ ಏರಿದಂತೆ ಮೆಮೊರಿ, ಜಾಲ ಎರಡೂ ಬಳಲುತ್ತವೆ. ಬ್ಯಾಕಪ್ ಮ್ಯಾನೇಜರ್ ಒಂದೇ ನೋಡ್‌ನಲ್ಲಿ ಪ್ರತಿ ಇಟ್ಟು, ಅದು ಎಲ್ಲಿದೆ ಎಂಬುದನ್ನಷ್ಟೇ ಉಳಿದವಕ್ಕೆ ತಿಳಿಸುತ್ತದೆ. ದೊಡ್ಡ ಕ್ಲಸ್ಟರಿಗೆ ಇದೇ ಸರಿ. ಡೆಲ್ಟಾ ಮ್ಯಾನೇಜರ್‌ನಲ್ಲಿ ಕಾಡುವ ವಿಷಯವೊಂದಿದೆ: ಡೀಫಾಲ್ಟ್ ರವಾನೆ ಅಸಿಂಕ್ರೊನಸ್. ಉತ್ತರ ಬ್ರೌಸರಿಗೆ ತಲುಪಿದ ಮೇಲೂ ಪ್ರತಿ ಇನ್ನೂ ದಾರಿಯಲ್ಲಿರಬಹುದು. ಆ ಸಂದಿಯಲ್ಲೇ ನೋಡ್ ಬಿದ್ದರೆ ಕೊನೆಯ ಪುಟದ ವಿವರ ಹೋದಂತೆ. ಡೆಲ್ಟಾ ಮ್ಯಾನೇಜರ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಸೆಷನ್ನಿನಲ್ಲಿರುವ ವಸ್ತುವನ್ನು ಒಳಗೊಳಗೇ ತಿದ್ದಿದರೆ ಅದರ ಅರಿವಿಗೆ ಬರುವುದಿಲ್ಲ. ವಸ್ತುವನ್ನು ಸೆಷನ್ನಿಗೆ ಸೇರಿಸುವ ಸೆಟ್‌ಆಟ್ರಿಬ್ಯೂಟ್ ಮತ್ತೆ ಕರೆಯಲೇಬೇಕು.

ಸೆಷನ್ನನ್ನು ಡೇಟಾಬೇಸ್‌ನಲ್ಲಿ ಇಡುವ ಜೆಡಿಬಿಸಿ ಸ್ಟೋರ್ ನಿಧಾನ, ಆದರೆ ಪ್ರಾಮಾಣಿಕ. ಪರ್ಸಿಸ್ಟೆಂಟ್ ವಾಲ್ವ್ ಜೊತೆಗಿದ್ದರೆ ಪ್ರತಿ ಕೋರಿಕೆಯ ಕೊನೆಗೂ ಸೆಷನ್ ಡೇಟಾಬೇಸ್ ಸೇರುತ್ತದೆ. ಒಂದೇ ಸೆಷನ್ನಿನಿಂದ ಏಕಕಾಲಕ್ಕೆ ಒಂದೇ ಕೋರಿಕೆ ಬರುತ್ತದೆ ಎಂಬುದು ಆ ವಾಲ್ವ್‌ನ ಎಣಿಕೆ, ಆದ್ದರಿಂದ ಹಿನ್ನೆಲೆಯಲ್ಲಿ ಹಲವು ಕರೆ ಮಾಡುವ ಪುಟಗಳಿಗೆ ಇದು ಹೊಂದುವುದಿಲ್ಲ. ನಮ್ಮ ಅರ್ಜಿ ಪುಟದಿಂದ ಪುಟಕ್ಕೆ ಸಾಗುವಂಥದ್ದು, ಹಾಗಾಗಿ ತೊಂದರೆಯಾಗಲಿಲ್ಲ.

ನಾನ್‌ಸ್ಟಾಪ್‌ನ ಸರ್ವ್‌ಲೆಟ್ ಕಂಟೇನರ್ (ಜಾವಾ ವೆಬ್ ಕೋಡ್ ಓಡಿಸುವ ತಂತ್ರಾಂಶ) ಆದ ಎನ್‌ಎಸ್‌ಜೆಎಸ್‌ಪಿಯ ಒಳಗಿರುವುದೂ ಟಾಮ್‌ಕ್ಯಾಟೇ. ಅದು ಪಾಥ್‌ವೇಯ ಸರ್ವರ್ ಕ್ಲಾಸ್ ಆಗಿ, ಅಂದರೆ ಪಾಥ್‌ವೇ ನೋಡಿಕೊಳ್ಳುವ ಪ್ರೊಸೆಸ್‌ಗಳ ಗುಂಪಾಗಿ, ಓಡುವುದರಿಂದ, ಬಿದ್ದ ಪ್ರೊಸೆಸ್ಸನ್ನು ಎಬ್ಬಿಸಲು ಯಾರೂ ಮಧ್ಯರಾತ್ರಿ ಎದ್ದು ಕೂರಬೇಕಿಲ್ಲ. ಸೆಷನ್ನನ್ನು ನಾನ್‌ಸ್ಟಾಪ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್/ಎಂಎಕ್ಸ್‌ನಲ್ಲಿ ಇಟ್ಟಾಗಲೇ ಆ ವೇದಿಕೆಯ ನಿಜವಾದ ಬಲ ಕಂಡಿತು: ಡೇಟಾಬೇಸ್‌ನ ಕಡೆಯಲ್ಲಿ ಪ್ರೊಸೆಸ್ ಜೋಡಿಗಳಿವೆ, ಅರ್ಧಕ್ಕೆ ನಿಂತ ವ್ಯವಹಾರವನ್ನು ವ್ಯವಹಾರಗಳನ್ನು ನಿರ್ವಹಿಸುವ ಟಿಎಂಎಫ್ ಹಿಂದಕ್ಕೆಳೆಯುತ್ತದೆ. ಲಿನಕ್ಸ್‌ನಲ್ಲಿ ಡೇಟಾಬೇಸ್ ಪ್ರತಿಕೃತಿ, ಲೋಡ್ ಬ್ಯಾಲೆನ್ಸರ್, ಮರುಚಾಲನೆಯ ಕಾವಲು ಇವನ್ನೆಲ್ಲ ನಾವೇ ಹೊಲಿಯಬೇಕು. ಅದರ ಬದಲಿಗೆ ಲಿನಕ್ಸ್ ಬಲ್ಲ ಎಂಜಿನಿಯರುಗಳು ಸುಲಭವಾಗಿ ಸಿಗುತ್ತಾರೆ, ಬೇಡವಾದಾಗ ಯಂತ್ರ ಬದಲಿಸಬಹುದು.

ಹಣದ ವಿಷಯವಾದರೆ ನನ್ನ ಆಯ್ಕೆ ಎರಡೂ ಕಡೆ ಡೇಟಾಬೇಸೇ. ಇನ್ನೂ ಮೇಲೆಂದರೆ ಸೆಷನ್ನಿನಲ್ಲಿ ಬಳಕೆದಾರರ ಗುರುತನ್ನಷ್ಟೇ ಇಟ್ಟು, ಅರ್ಧ ತುಂಬಿದ ಅರ್ಜಿಯನ್ನು ನಮ್ಮದೇ ಟೇಬಲ್ಲಿನಲ್ಲಿ ಉಳಿಸುವುದು. ಇಷ್ಟಾದರೂ ಒಂದು ಅಪಾಯವನ್ನು ಯಾವ ವ್ಯವಸ್ಥೆಯೂ ತಾನಾಗಿ ತಡೆಯಲಿಲ್ಲ. ಪಾವತಿ ಡೇಟಾಬೇಸ್‌ನಲ್ಲಿ ಖಾಯಂ ಆದ (ಕಮಿಟ್ ಆದ) ಬಳಿಕ, ಉತ್ತರ ಹೊರಡುವ ಮುನ್ನ ಜೆವಿಎಂ ಬಿದ್ದರೆ ಬಳಕೆದಾರರು ಮತ್ತೆ ಒತ್ತುತ್ತಾರೆ, ಹಣ ಎರಡು ಬಾರಿ ಹೋಗುತ್ತದೆ. ಪ್ರತಿ ಅರ್ಜಿಗೂ ಮೊದಲೇ ಒಂದು ಸಂಖ್ಯೆ ಕೊಟ್ಟು, ಟೇಬಲ್ಲಿನಲ್ಲಿ ಅದೇ ಸಂಖ್ಯೆ ಎರಡು ಬಾರಿ ಸೇರದಂತೆ ಯೂನಿಕ್ ನಿರ್ಬಂಧ ಹಾಕಿದ ಮೇಲೆ ಎರಡನೆಯ ಒತ್ತು ಡೇಟಾಬೇಸ್‌ನಲ್ಲೇ ತಿರಸ್ಕೃತವಾಯಿತು.